ಅಂಕೋಲೆ: ಉಪ್ಪಿಗಿಂತ ಕಠಿಣವಾದ ಹೋರಾಟ

ಅಂಕೋಲೆಯ ಸ್ವಾತಂತ್ರ್ಯ ಹೋರಾಟ ಎಂದೊಡನೆ ನೆನಪಾಗುವುದು ಉಪ್ಪು. ದಂಡಿಯಲ್ಲಿ ಗಾಂಧೀಜಿ ಉಪ್ಪೆತ್ತಿದ ಒಂದೇ ವಾರಕ್ಕೆ, 1930ರ ಏಪ್ರಿಲ್ 13ರಂದು, ಎಂ.ಪಿ. ನಾಡಕರ್ಣಿಯವರ ಮುಂದಾಳತ್ವದಲ್ಲಿ ಇಲ್ಲಿ ಕಾನೂನು ಮುರಿದರು. ಸಾವಿರಾರು ಜನ ಸೇರಿದ್ದರು. ತಯಾರಾದ ಉಪ್ಪನ್ನು ಹರಾಜು ಹಾಕಿದರು. ಆದರೆ ಈ ಪುಟ್ಟ ಊರಿಗೆ ‘ಕರ್ನಾಟಕದ ಬಾರ್ಡೋಲಿ’ ಎಂಬ ಹೆಸರು ಬಂದದ್ದು ಆಮೇಲೆ ಗುಜರಾತಿನ ಬಾರ್ಡೋಲಿಯಂತೆಯೇ ಇಲ್ಲೂ ನಡೆದ ಕರನಿರಾಕರಣೆಯಿಂದ. ಅದರ ಕಥೆ ಉಪ್ಪಿನಷ್ಟು ಪ್ರಚಾರ ಪಡೆಯಲಿಲ್ಲ ಎಂಬ ಕೊರಗು ನನ್ನದು.

ಎರಡಕ್ಕೂ ಇರುವ ಅಂತರ ದೊಡ್ಡದು. ಉಪ್ಪು ಮಾಡಿದವನಿಗೆ ಲಾಠಿ ಏಟು, ಜೈಲು. ಬಿಡುಗಡೆಯಾಗಿ ಬಂದರೆ ಗದ್ದೆ ಇದ್ದಲ್ಲೇ ಇರುತ್ತದೆ. ತೀರ್ವೆ, ಅಂದರೆ ಭೂಕಂದಾಯ, ಕೊಡದವನು ಆ ಗದ್ದೆಯನ್ನೇ ಪಣಕ್ಕಿಡುತ್ತಾನೆ.

ಅಂಕೋಲೆ ಇರುವ ಉತ್ತರ ಕನ್ನಡ ಆಗ ಮುಂಬಯಿ ಪ್ರಾಂತ್ಯಕ್ಕೆ ಸೇರಿತ್ತು. ಅಲ್ಲಿದ್ದದ್ದು ರೈತವಾರಿ ಪದ್ಧತಿ: ನಡುವೆ ಜಮೀನ್ದಾರನಿಲ್ಲ, ಖಾತೆದಾರನೇ ಸರ್ಕಾರಕ್ಕೆ ನೇರವಾಗಿ ನಗದು ಕಟ್ಟಬೇಕು. 1929ರ ನಂತರದ ಜಾಗತಿಕ ಆರ್ಥಿಕ ಕುಸಿತದಲ್ಲಿ ಬೆಳೆಗಳ ಧಾರಣೆ ನೆಲಕಚ್ಚಿತು. ತೀರ್ವೆ ಮಾತ್ರ ಅದಕ್ಕೆ ತಕ್ಕಂತೆ ಇಳಿಯಲಿಲ್ಲ. ಅಷ್ಟೇ ರೂಪಾಯಿ ಹೊಂದಿಸಲು ಮೊದಲಿಗಿಂತ ಹೆಚ್ಚು ಭತ್ತ, ಹೆಚ್ಚು ಅಡಿಕೆ ಮಾರಬೇಕಾಯಿತು. ಕಟ್ಟದಿದ್ದರೆ ನೋಟಿಸು, ನಂತರ ಜಪ್ತಿ: ಹಿತ್ತಾಳೆ-ತಾಮ್ರದ ಪಾತ್ರೆ, ಕೊಟ್ಟಿಗೆಯ ಎತ್ತು, ಕೊನೆಗೆ ಭೂಮಿ.

ಜಪ್ತಿಯಾದದ್ದು ಹಣವಾಗಬೇಕಾದರೆ ಕೊಳ್ಳುವವನೊಬ್ಬ ಬೇಕು. ರೈತರ ಬಲವೆಲ್ಲ ಇದ್ದದ್ದು ಇಲ್ಲೇ. ಊರವರು ಹರಾಜಿನಲ್ಲಿ ಸವಾಲು ಕೂಗದಿದ್ದರೆ ಸರ್ಕಾರ ಹೊರಗಿನವರನ್ನು ಹುಡುಕಬೇಕು. ಅಂಕೋಲೆಯ ಜೊತೆಗೇ ಹೋರಾಡಿದ ಸಿದ್ದಾಪುರ ತಾಲೂಕಿನಲ್ಲಿ, ಹರಾಜಿನ ಸ್ವತ್ತು ಕೊಂಡವರ ಮನೆ ಮುಂದೆ ಹೆಂಗಸರು ಉಪವಾಸ ಕುಳಿತರು. ಗಂಡಸರು ಜೈಲಿನಲ್ಲಿದ್ದಾಗ ಮನೆಯ ಜೊತೆಗೆ ಚಳವಳಿಯನ್ನೂ ನಡೆಸಿದವರು ಅವರು. ಮಾವಿನಗುಂಡಿಯಲ್ಲಿ ಆ ಮಹಿಳೆಯರ ಸ್ಮಾರಕವಿದೆ; ಜೋಗಕ್ಕೆ ಹೋಗುವವರು ದಯವಿಟ್ಟು ಅಲ್ಲಿ ಒಂದು ಗಳಿಗೆ ಇಳಿಯಬೇಕು.

ಇನ್ನೊಂದು ವಿಷಯ ನನ್ನನ್ನು ಬಹಳ ಕಾಡುತ್ತದೆ. 1931ರ ಮಾರ್ಚ್‌ನ ಗಾಂಧಿ-ಇರ್ವಿನ್ ಒಪ್ಪಂದದಲ್ಲಿ, ಆಗಲೇ ಮೂರನೆಯವರಿಗೆ ಮಾರಿಹೋದ ಸ್ಥಿರಾಸ್ತಿಯ ಬಗ್ಗೆ ಸರ್ಕಾರ ಕೈತೊಳೆದುಕೊಂಡಿತ್ತು. ಆ ಮಾರಾಟವೇ ಅಂತಿಮ. ಅಂದರೆ, ರಾಜಿಯಾದರೂ ಹರಾಜಾದ ನೆಲ ಮರಳುವ ಭರವಸೆಯಿಲ್ಲವೆಂದು ಬರಹದಲ್ಲೇ ಇತ್ತು. ಅದಾದ ಮೇಲೂ, 1932ರಲ್ಲಿ ಕಾನೂನುಭಂಗ ಚಳವಳಿ ಮತ್ತೆ ಆರಂಭವಾದಾಗ, ಈ ಎರಡು ತಾಲೂಕುಗಳ ರೈತರು ತೀರ್ವೆ ಕೊಡಲು ಒಪ್ಪಲಿಲ್ಲ. ಆವೇಶದಲ್ಲಿ ಒಂದು ದಿನ ಲಾಠಿಗೆ ಎದೆಯೊಡ್ಡಬಹುದು. ಕಳೆದುಕೊಂಡ ಗದ್ದೆಯಲ್ಲಿ ಬೇರೆಯವರು ನಾಟಿ ಮಾಡುವುದನ್ನು ವರ್ಷಗಟ್ಟಲೆ ನೋಡಿಕೊಂಡು ಇರಲು ಆವೇಶ ಸಾಲದು.

1937ರ ಚುನಾವಣೆಯ ಬಳಿಕ ಮುಂಬಯಿಯಲ್ಲಿ ಬಿ.ಜಿ. ಖೇರ್ ಅವರ ಕಾಂಗ್ರೆಸ್ ಸರ್ಕಾರ ಬಂತು. 1938ರಲ್ಲಿ, ಮುಟ್ಟುಗೋಲಾದ ಜಮೀನನ್ನು ಮರಳಿಸುವ ಕಾಯ್ದೆಯೂ ಬಂತು. ಆದರೆ ನಡುವಿನ ವರ್ಷಗಳಲ್ಲಿ ಕಳೆದುಹೋದ ಬೆಳೆಗಳು ಮರಳುವಂತಿರಲಿಲ್ಲ. ಖಾತೆಯಲ್ಲಿ ಹೆಸರೇ ಇಲ್ಲದ ಗೇಣಿದಾರರಿಗೂ ಕೂಲಿಗಳಿಗೂ, ಒಡೆಯನ ಗದ್ದೆ ಹೋದಾಗ ತಮ್ಮ ಉಳುಮೆ, ದುಡಿಮೆಯೂ ಹೋಗುವ ಭಯವಿತ್ತು. ಅವರಿಗೆ ಯಾವ ಕಾಯ್ದೆಯೂ ಮರಳಿಸಬಹುದಾದ ನೆಲವಿರಲಿಲ್ಲ.