ಎದೆಯೊಳಗೆ ರಕ್ತ, ಚೀಟಿಯ ಮೇಲೆ ಇಂಗ್ಲಿಷು!



ಕಬ್ಬಿನ ಹಂಗಾಮಿನಲ್ಲಿ ಒಮ್ಮೆ ನಮ್ಮ ಬೈಲಹೊಂಗಲ, ಸವದತ್ತಿ, ರಾಮದುರ್ಗದ ರಸ್ತೆಗಳಿಗೆ ಬನ್ನಿ. ಹಿಂದೀಪವಿಲ್ಲದ ಟ್ರೇಲರು, ಕತ್ತಲಲ್ಲಿ ಅದಕ್ಕೆ ಗುದ್ದುವ ಬೈಕು. ಕಿತ್ತೂರಿಗಂತೂ ಬೆಳಗಾವಿ–ಧಾರವಾಡ ಹೆದ್ದಾರಿಯೇ ಮಗ್ಗುಲಲ್ಲಿದೆ. ತಲೆ ಒಡೆದರೆ ರಕ್ತ ಕಾಣುತ್ತದೆ, ಜನ ಓಡಿಬರುತ್ತಾರೆ. ಎದೆಗೆ ಪೆಟ್ಟು ಬಿದ್ದರೆ? ಹೊರಗೆ ಒಂದು ಹನಿಯೂ ಕಾಣಲಿಕ್ಕಿಲ್ಲ! ಪಕ್ಕೆಲುಬು ಮುರಿದು ರಕ್ತನಾಳ ಹರಿದರೆ ಎದೆಗೂಡಿನ ಒಂದೇ ಬದಿಯಲ್ಲಿ ಒಂದೂವರೆ ಲೀಟರಿಗೂ ಹೆಚ್ಚು ರಕ್ತ ತುಂಬಿಕೊಳ್ಳಬಲ್ಲದು. ದೊಡ್ಡವರ ಮೈಯಲ್ಲಿರುವುದೇ ಸುಮಾರು 5 ಲೀಟರ್.

ನನ್ನ ಅಣ್ಣನ ಮಗನಿಗೆ ಆದದ್ದೂ ಇದೇ. ಮೊದಲು ಒಯ್ದ ಆಸ್ಪತ್ರೆಯಲ್ಲಿ ಚೀಟಿ ಕೊಟ್ಟು ‘ದೊಡ್ಡ ಆಸ್ಪತ್ರೆಗೆ ಒಯ್ಯಿರಿ’ ಅಂದರು. ಚೀಟಿ ಇಂಗ್ಲಿಷಿನಲ್ಲಿ. ಅಚ್ಚಿನ ಮನೆ ನಡೆಸುವ ನನಗೇ ಆ ಗೀಚು ಓದಲಾಗಲಿಲ್ಲ. ಹೊಲದಿಂದ ಓಡಿಬಂದ ಅಣ್ಣನಿಗೇನು ತಿಳಿದೀತು? ನಗರ ಮುಟ್ಟಿದ ಮೇಲೆ ನಡುರಾತ್ರಿ ‘4 ಬಾಟಲಿ ರಕ್ತ ತನ್ನಿ’ ಎಂದರು. ಯಾವ ಗುಂಪು? ಗೊತ್ತಿಲ್ಲ. ರಕ್ತನಿಧಿ ಎಲ್ಲಿದೆ? ಗೊತ್ತಿಲ್ಲ. ಹುಡುಗ ಬದುಕಿದ. ಅವನ ಆಯುಷ್ಯ ಗಟ್ಟಿಯಿತ್ತು, ಅಷ್ಟೇ.

ಆಮೇಲೆ ಪರಿಚಯದ ಡಾಕ್ಟರರಿಗೆ ಆ ಚೀಟಿ ತೋರಿಸಿದೆ. ಅದರಲ್ಲಿ ನಾಡಿ 128, ಬಿ.ಪಿ. 96 ಎಂದು ಬರೆದಿತ್ತು! ರಕ್ತ ಬೇಕಾದೀತು ಎಂಬ ಸುದ್ದಿ ನಮ್ಮ ಕೈಯಲ್ಲೇ ಇತ್ತು. ಓದುವವರಿರಲಿಲ್ಲ, ಹೇಳುವವರಿರಲಿಲ್ಲ.

ಲೆಕ್ಕ ಸರಳ. ನಿಮಿಷದ ನಾಡಿಯನ್ನು ಬಿ.ಪಿ.ಯ ಮೇಲಿನ ಅಂಕಿಯಿಂದ ಭಾಗಿಸಿ. ಆರೋಗ್ಯವಂತರಲ್ಲಿ ಉತ್ತರ 0.5ರಿಂದ 0.7. ಅದು 1 ದಾಟಿತೆಂದರೆ, ಅಂದರೆ ನಾಡಿಯ ಅಂಕಿ ಬಿ.ಪಿ.ಯನ್ನು ಮೀರಿತೆಂದರೆ, ಅಪಾಯದ ಗಂಟೆ! ಈ ಲೆಕ್ಕ 1967ರಲ್ಲೇ ಜರ್ಮನ್ ವೈದ್ಯಪತ್ರಿಕೆಯಲ್ಲಿ ಅಚ್ಚಾಗಿದೆ. 2009ರಲ್ಲಿ ಅಮೆರಿಕದ ವೈದ್ಯರು ಇನ್ನೊಂದು ಲೆಕ್ಕ ಕೊಟ್ಟರು: ಚುಚ್ಚಿದ ಗಾಯ, ನಾಡಿ 120 ಅಥವಾ ಹೆಚ್ಚು, ಬಿ.ಪಿ. 90 ಅಥವಾ ಕಡಿಮೆ, ಸ್ಕ್ಯಾನಿಂಗಿನಲ್ಲಿ ಒಳರಕ್ತ. ಈ ನಾಲ್ಕರಲ್ಲಿ ಎರಡಿದ್ದರೆ ಬಹಳ ರಕ್ತ ಬೇಕಾಗುವ ಸಂಭವವಿದೆ. ಬರೀ ಬಿ.ಪಿ. ನಂಬಿ ಕೂಡಬೇಡಿ, ಹರೆಯದವರಲ್ಲಿ ಸುಮಾರು ಮೂರನೇ ಒಂದು ಪಾಲು ರಕ್ತ ಹೋಗುವತನಕ ಅದು ಬೀಳದೆಯೂ ಇರಬಹುದು. ಎದೆಯಲ್ಲಿ ಗಾಳಿ ಸಿಕ್ಕಿಕೊಂಡರೂ ಇದೇ ಲಕ್ಷಣ ಕಂಡೀತು. ತೀರ್ಪು ಡಾಕ್ಟರರದೇ. ಆದರೆ ಮುನ್ನೆಚ್ಚರಿಕೆ ಎಲ್ಲರದು!

ಡಾಕ್ಟರರಿಗೆ ಕೆಲಸ ಹೆಚ್ಚು ಎನ್ನುತ್ತಾರೆ. ಒಪ್ಪಿದೆ. ಡಾಕ್ಟರು ಡಾಕ್ಟರಿಗೆ ಇಂಗ್ಲಿಷಿನಲ್ಲೇ ಬರೆಯಲಿ, ಬೇಡವೆನ್ನುವುದಿಲ್ಲ. ಆದರೆ ಚೀಟಿ ಹೊತ್ತು ಓಡುವವನು ಕನ್ನಡಿಗ! ಅವನಿಗಾಗಿ ಕೆಳಗೆ ನಾಲ್ಕು ಸಾಲು ಕನ್ನಡ ಬೇಡವೇ? ನಾಡಿ ಎಷ್ಟು, ಬಿ.ಪಿ. ಎಷ್ಟು, ರಕ್ತದ ಗುಂಪು ಯಾವುದು, ರಕ್ತ ಬೇಕಾದೀತೇ. ಜೊತೆಗೆ ಮುಂದಿನ ಆಸ್ಪತ್ರೆಗೆ ಒಂದು ಫೋನು. ಬೈಲಹೊಂಗಲದಿಂದ ಬೆಳಗಾವಿ ಸುಮಾರು 45 ಕಿ.ಮೀ., ರಾಮದುರ್ಗದಿಂದ 100ರ ಆಸುಪಾಸು. ಗಾಡಿ ಓಡುವ ಆ ಹೊತ್ತಿನಲ್ಲಿ ಅಲ್ಲಿ ಫ್ರಿಜ್ಜಿನಿಂದ ರಕ್ತ ತೆಗೆದು ಸಿದ್ಧ ಮಾಡಬಹುದಲ್ಲ? ಗಾಡಿ ಬಂದ ಮೇಲೆ ಹುಡುಕುವುದು ಯಾವ ನ್ಯಾಯ?

ನಗರದ ತಮ್ಮಂದಿರೇ, ಬರೀ ಆಸ್ಪತ್ರೆಗೆ ಬೈದರೆ ಸಾಲದು. ಅಪಘಾತದ ರಾತ್ರಿ ಓಡಿಬಂದು ಕೊಟ್ಟ ರಕ್ತ ಕೂಡಲೇ ಏರಿಸಲಾಗದು. ಎಚ್ಐವಿ, ಕಾಮಾಲೆ, ಮಲೇರಿಯಾ ಎಲ್ಲ ಪರೀಕ್ಷೆ ಆಗಲೇಬೇಕು. ಮೊದಲೇ ಕೊಟ್ಟಿಟ್ಟ ರಕ್ತವೇ ಆ ರಾತ್ರಿ ಕೆಲಸಕ್ಕೆ ಬರುತ್ತದೆ. ಅದೂ 35ರಿಂದ 42 ದಿನ ಮಾತ್ರ ಬಾಳುತ್ತದೆ. ಆದ್ದರಿಂದ ನವೆಂಬರ್ 1ರಂದು ಒಂದು ಶಿಬಿರ ಮಾಡಿ ಫೋಟೊ ತೆಗೆಸಿಕೊಂಡರೆ ತೀರಲಿಲ್ಲ! 18 ದಾಟಿ ಗಟ್ಟಿಮುಟ್ಟಾಗಿದ್ದರೆ ಗಂಡಸರು 3 ತಿಂಗಳಿಗೊಮ್ಮೆ, ಹೆಂಗಸರು 4 ತಿಂಗಳಿಗೊಮ್ಮೆ ಕೊಡಬಹುದು. ಸಂಘದವರು ಸರದಿ ಹಾಕಿಕೊಳ್ಳಿ.

ನಾನು ಪಿಯುಸಿ ಓದಿದ ಅಚ್ಚುಗಾರ. ಡಾಕ್ಟರಿಕೆ ನನ್ನದಲ್ಲ, ಅಚ್ಚು ಹಾಕುವುದು ನನ್ನ ಕಸುಬು. ನಾಲ್ಕೂ ತಾಲೂಕುಗಳ ಯಾವ ಆಸ್ಪತ್ರೆಯೇ ಕೇಳಲಿ, ಆ ನಾಲ್ಕು ಸಾಲಿನ ಕನ್ನಡ ಚೀಟಿಯನ್ನು ಪುಕ್ಕಟೆ ಅಚ್ಚು ಹಾಕಿಕೊಡುತ್ತೇನೆ. ಕಾಗದ ನನ್ನದು, ಮಸಿ ನನ್ನದು. ರಕ್ತ ನಿಮ್ಮದಾಗಲಿ!