ಸೀಟು ಹೆಚ್ಚಿತು, ಪಾಠ ಹೇಳುವವರು ಎಲ್ಲಿ?

ಬೆಂಗಳೂರು: ದೇಶದಲ್ಲಿ 2014ಕ್ಕೆ ಮುನ್ನ 387 ವೈದ್ಯಕೀಯ ಕಾಲೇಜುಗಳಿದ್ದವು, ಎಂಬಿಬಿಎಸ್ ಸೀಟುಗಳು 51 ಸಾವಿರದಷ್ಟಿದ್ದವು. 2024-25ರ ವೇಳೆಗೆ ಕಾಲೇಜುಗಳು 780ಕ್ಕೆ, ಸೀಟುಗಳು 1.18 ಲಕ್ಷಕ್ಕೆ ಏರಿದವು. ಮುಂದಿನ ಐದು ವರ್ಷಗಳಲ್ಲಿ ಇನ್ನೂ 75 ಸಾವಿರ ವೈದ್ಯಕೀಯ ಸೀಟುಗಳನ್ನು ಸೇರಿಸುವುದಾಗಿ ಕೇಂದ್ರ ಸರ್ಕಾರ 2025ರ ಬಜೆಟ್‌ನಲ್ಲಿ ಘೋಷಿಸಿತು. ಕಟ್ಟಡವನ್ನು ಎರಡು ವರ್ಷಗಳಲ್ಲಿ ಎಬ್ಬಿಸಬಹುದು. ಆದರೆ ಎಂಬಿಬಿಎಸ್‌ಗೆ ಸೇರಿದ ವಿದ್ಯಾರ್ಥಿ ಸ್ನಾತಕೋತ್ತರ ಪದವಿ ಮುಗಿಸಿ ಅಧ್ಯಾಪಕನಾಗಲು ಎಂಟು-ಒಂಬತ್ತು ವರ್ಷಗಳಾದರೂ ಬೇಕು.

ಈ ಅಂತರವನ್ನು ತುಂಬಲು ರಾಷ್ಟ್ರೀಯ ವೈದ್ಯಕೀಯ ಆಯೋಗ 2025ರಲ್ಲಿ ಅಧ್ಯಾಪಕರ ಅರ್ಹತಾ ನಿಯಮಗಳನ್ನು ಸಡಿಲಿಸಿತು. 220ಕ್ಕೂ ಹೆಚ್ಚು ಹಾಸಿಗೆಗಳ ಸರ್ಕಾರಿ ಆಸ್ಪತ್ರೆಯಲ್ಲಿ ಎರಡು ವರ್ಷ ಸೇವೆ ಸಲ್ಲಿಸಿದ ತಜ್ಞರು ಸಹಾಯಕ ಪ್ರಾಧ್ಯಾಪಕರಾಗಬಹುದು, ಹತ್ತು ವರ್ಷ ಸೇವೆಯಾಗಿದ್ದರೆ ಸಹ ಪ್ರಾಧ್ಯಾಪಕರಾಗಬಹುದು. ಜಿಲ್ಲಾ ಆಸ್ಪತ್ರೆಯ ಅನುಭವಿ ವೈದ್ಯರು ತರಗತಿಗೆ ಬರುವುದು ಸ್ವಾಗತಾರ್ಹವೇ. ಆದರೆ ರೋಗಿಯನ್ನು ನೋಡುವುದು ಒಂದು ವಿದ್ಯೆ, ನೋಡುವುದನ್ನು ಕಲಿಸುವುದು ಇನ್ನೊಂದು. ಎರಡು ವರ್ಷ ಸೇವೆಯವರಿಗೆ ವಿಧಿಸಿರುವ ಷರತ್ತೂ ಬೋಧನೆಯದಲ್ಲ, ಸಂಶೋಧನೆಯದು: ನೇಮಕವಾದ ಎರಡು ವರ್ಷಗಳೊಳಗೆ ಜೈವಿಕ-ವೈದ್ಯಕೀಯ ಸಂಶೋಧನೆಯ ಪ್ರಾಥಮಿಕ ಕೋರ್ಸ್ ಮುಗಿಸಬೇಕು.

ಸಮಸ್ಯೆ ಅತಿ ತೀವ್ರವಾಗಿರುವುದು ಅಂಗರಚನಾಶಾಸ್ತ್ರ, ಶರೀರಕ್ರಿಯಾಶಾಸ್ತ್ರದಂತಹ ವಿಭಾಗಗಳಲ್ಲಿ. ಇಲ್ಲಿ ಖಾಸಗಿ ಪ್ರಾಕ್ಟೀಸ್‌ಗೆ ಅವಕಾಶವಿಲ್ಲ, ಸಂಬಳವೇ ಆಧಾರ. ಹೀಗಾಗಿ ಈ ವಿಷಯಗಳ ಸ್ನಾತಕೋತ್ತರ ಸೀಟುಗಳು ಪ್ರತಿ ವರ್ಷ ಖಾಲಿ ಉಳಿಯುತ್ತವೆ. ಸೀಟು ತುಂಬಿಸುವ ಸಲುವಾಗಿ 2023ರಲ್ಲಿ ನೀಟ್ ಪಿಜಿ ಅರ್ಹತೆಯನ್ನು ಶೂನ್ಯ ಪರ್ಸೆಂಟೈಲ್‌ಗೆ ಇಳಿಸಲಾಯಿತು ಎಂಬುದು ಗಮನಾರ್ಹ. ನಾಳೆಯ ವೈದ್ಯರಿಗೆ ಮೊದಲ ವರ್ಷದ ಪಾಠ ಹೇಳಬೇಕಾದವರ ಆಯ್ಕೆ ಹೀಗೆ ನಡೆಯುತ್ತಿದೆ!

ಸಂಶೋಧನೆಯ ಸ್ಥಿತಿ ಇದಕ್ಕಿಂತ ಭಿನ್ನವಲ್ಲ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು, ಜನ ಜ್ವರದಿಂದ ಮಲಗಿದಾಗ ಪುಣೆಯ ವೈರಸ್ ಸಂಶೋಧನಾ ಕೇಂದ್ರದ ತಂಡ ಸ್ಥಳಕ್ಕೆ ಧಾವಿಸಿತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಮತ್ತು ಅಮೆರಿಕದ ರಾಕ್‌ಫೆಲರ್ ಪ್ರತಿಷ್ಠಾನ ಕೂಡಿ ಸ್ಥಾಪಿಸಿದ್ದ ಕೇಂದ್ರವದು. ಅಲ್ಲಿ ಪತ್ತೆಯಾದ ವೈರಸ್ ಇಂದಿಗೂ ಜಗತ್ತಿನ ಪಠ್ಯಗಳಲ್ಲಿ ಆ ಕಾಡಿನ ಹೆಸರನ್ನೇ ಹೊತ್ತಿದೆ. ಪರಿಣಾಮ ಕುಗ್ಗಿದ್ದರಿಂದ ಹಳೆಯ ಲಸಿಕೆಯ ಬಳಕೆ 2022ರಲ್ಲಿ ನಿಂತಿತು. ರೋಗ ಮಾತ್ರ ನಿಂತಿಲ್ಲ. ಜಾಗತಿಕ ಆರೋಗ್ಯ ಸಂಶೋಧನೆ ಎಂದರೆ ಜಿನೀವಾ ಅಥವಾ ಬಾಲ್ಟಿಮೋರ್‌ನಲ್ಲೇ ನಡೆಯಬೇಕೆಂದಿಲ್ಲ, ಮಲೆನಾಡಿನ ಉಣ್ಣೆಯಲ್ಲೂ ಅದಕ್ಕೆ ವಿಷಯವಿದೆ.

ವಿದ್ಯಾರ್ಥಿಗಳಿಗೆ ದಾರಿಯೇ ಇಲ್ಲವೆಂದಲ್ಲ. ಸಂಶೋಧನಾ ಮಂಡಳಿಯು 1979ರಿಂದಲೇ ಎಂಬಿಬಿಎಸ್ ವಿದ್ಯಾರ್ಥಿಗಳಿಗೆ ಎರಡು ತಿಂಗಳ ಅಲ್ಪಾವಧಿ ಸಂಶೋಧನಾ ವಿದ್ಯಾರ್ಥಿವೇತನ ನೀಡುತ್ತಾ ಬಂದಿದೆ. ಸ್ವತಃ ಒಂದು ಪ್ರಶ್ನೆ ಹಾಕಿಕೊಂಡು, ಮಾಹಿತಿ ಕಲೆಹಾಕಿ, ವರದಿ ಬರೆಯುವ ಮೊದಲ ಅನುಭವ ಹಲವರಿಗೆ ದೊರೆಯುವುದು ಇಲ್ಲಿಯೇ. ಆದರೆ ಇದಕ್ಕೆ ಕಾಲೇಜಿನಲ್ಲಿ ಮಾರ್ಗದರ್ಶಕರೊಬ್ಬರು ಬೇಕು. ಅಧ್ಯಾಪಕರ ಹುದ್ದೆಗಳೇ ಖಾಲಿಯಿರುವ ಹೊಸ ಜಿಲ್ಲಾ ಕಾಲೇಜುಗಳ ವಿದ್ಯಾರ್ಥಿಗಳು ಹಿಂದೆ ಬೀಳುವುದು ಈ ಹಂತದಲ್ಲಿ.

ಇನ್ನು ವರದಿ ಸ್ವೀಕೃತವಾದರೆ ವಿದ್ಯಾರ್ಥಿಗೆ ಪ್ರಮಾಣಪತ್ರ ಮತ್ತು ವೇತನ ಕೈಸೇರುತ್ತದೆ. ಸ್ನಾತಕೋತ್ತರ ಪ್ರವೇಶದಲ್ಲಿ ಅದಕ್ಕೆ ಒಂದು ಅಂಕವೂ ಇಲ್ಲ. ಅಲ್ಲಿ ಲೆಕ್ಕಕ್ಕೆ ಬರುವುದು ನೀಟ್ ಪಿಜಿ ರ‍್ಯಾಂಕ್ ಮಾತ್ರ.