ಬಟ್ಟೆ ಸುಂಕದ ಚರಿತ್ರೆ ಪಠ್ಯಕ್ಕೆ ಬರಲಿ



ಉಪ್ಪಿನ ತೆರಿಗೆಯ ವಿಷಯ ನಮ್ಮ ಮಕ್ಕಳಿಗೆಲ್ಲ ಗೊತ್ತು. ದಂಡಿ ಗೊತ್ತು, ಅಂಕೋಲೆ ಗೊತ್ತು. ಅದೇ ಬ್ರಿಟಿಷ್ ಆಳ್ವಿಕೆಯಲ್ಲಿ ಬಡವನ ಮೈಮೇಲಿನ ಬಟ್ಟೆಗೂ ಸುಮಾರು 30 ವರ್ಷ ತೆರಿಗೆ ಬಿದ್ದಿತ್ತು. ಅದರ ಹೆಸರು ಕೇಳಿದವರೇ ಕಡಿಮೆ. ನಮ್ಮ ಪ್ರೌಢಶಾಲೆಯ ಸಮಾಜ ವಿಜ್ಞಾನದಲ್ಲಿ ಈ ಸುಂಕದ ಕಥೆಗೆ ಒಂದು ಪೂರ್ಣ ಪಾಠ ಬೇಕು ಎಂದು ಕೇಳುವುದಕ್ಕಾಗಿ ಈ ಕರಪತ್ರ. ಯಾಕೆ ಬೇಕು ಎಂಬುದನ್ನು ದಯವಿಟ್ಟು ಕೊನೆಯವರೆಗೂ ಓದಿ.

1882ರಲ್ಲಿ ಭಾರತ ಸರ್ಕಾರ ಆಮದು ಸುಂಕಗಳನ್ನು ಹೆಚ್ಚುಕಡಿಮೆ ಪೂರ್ತಿ ತೆಗೆದುಹಾಕಿತು. ಅದಕ್ಕೂ ಮೂರು ವರ್ಷ ಮೊದಲು ವೈಸರಾಯ್ ಲಿಟ್ಟನ್ ತನ್ನ ಮಂಡಲಿಯ ಬಹುಮತವನ್ನೇ ಬದಿಗಿಟ್ಟು ಒರಟು ಬಟ್ಟೆಯ ಆಮದು ಸುಂಕವನ್ನು ರದ್ದು ಮಾಡಿದ್ದ. ಲಾಭ ಯಾರಿಗೆ? ಇಂಗ್ಲೆಂಡಿನ ಲ್ಯಾಂಕಷೈರ್ ಮಿಲ್ಲುಗಳಿಗೆ. ಮುಂದೆ ಬೆಳ್ಳಿಯ ಬೆಲೆ ಕುಸಿದು ರೂಪಾಯಿಯೂ ಕುಸಿಯಿತು. ಲಂಡನ್ನಿಗೆ ಪೌಂಡಿನಲ್ಲಿ ಕಟ್ಟಬೇಕಾದ ಸಾಲದ ಬಡ್ಡಿ, ಪಿಂಚಣಿ, ಸೈನ್ಯದ ಖರ್ಚುಗಳಿಗೆ ಹೆಚ್ಚು ಹೆಚ್ಚು ರೂಪಾಯಿ ತೆರಬೇಕಾಯಿತು. ಖಜಾನೆ ಬರಿದಾದಾಗ 1894ರ ಮಾರ್ಚಿನಲ್ಲಿ ಶೇ. 5ರ ಆಮದು ಸುಂಕ ಮರಳಿ ಬಂತು. ಆದರೆ ಎಲ್ಲಕ್ಕಿಂತ ಹೆಚ್ಚು ಆಮದಾಗುತ್ತಿದ್ದ ಹತ್ತಿ ಬಟ್ಟೆಯನ್ನೇ ಅದರಿಂದ ಹೊರಗಿಟ್ಟರು!

ದೇಶವೆಲ್ಲ ಸಿಟ್ಟಾಯಿತು. ಅದೇ ಡಿಸೆಂಬರಿನಲ್ಲಿ ಹತ್ತಿ ಸರಕಿಗೂ ಸುಂಕ ಬಂತು, ಜೊತೆಗೆ ಇಲ್ಲಿನ ಮಿಲ್ಲುಗಳ ನಯವಾದ ನೂಲಿನ ಮೇಲೆ ಅಬಕಾರಿ ಸುಂಕವೂ ಬಂತು. ಲ್ಯಾಂಕಷೈರಿನ ಮ್ಯಾಂಚೆಸ್ಟರಿಗೆ ಅಷ್ಟೂ ಸಾಲದಾಯಿತು. 1896ರಲ್ಲಿ ನೂಲನ್ನು ಬಿಟ್ಟು, ಆಮದಾದ ಬಟ್ಟೆಗೆ ಶೇ. 3.5, ಭಾರತದ ಮಿಲ್ಲುಗಳು ನೇಯ್ದ ಪ್ರತಿಯೊಂದು ಬಟ್ಟೆಗೂ ಅಷ್ಟೇ ಶೇ. 3.5 ಎಂದು ನಿಗದಿ ಮಾಡಿದರು. ಕೈಮಗ್ಗಕ್ಕೆ ವಿನಾಯಿತಿ ಇತ್ತು, ನಿಜ.

ಈ ಸಮಾನತೆ ಎಂಥದ್ದು ನೋಡಿ. ನಮ್ಮ ಮಿಲ್ಲುಗಳು ಆಗ ಹೆಚ್ಚಾಗಿ ನೇಯುತ್ತಿದ್ದುದು ಕೂಲಿಯವನು, ರೈತ ತೊಡುವ ದಪ್ಪ ಬಟ್ಟೆ. ಲ್ಯಾಂಕಷೈರಿನಿಂದ ಬರುತ್ತಿದ್ದುದು ಬಹುಪಾಲು ನಯವಾದ ಬಟ್ಟೆ. ದಪ್ಪ ಬಟ್ಟೆಯಲ್ಲಿ ಅವರಿಗೂ ನಮಗೂ ಪೈಪೋಟಿಯೇ ಅಲ್ಪ. ಪೈಪೋಟಿಯಿಲ್ಲದ ಕಡೆಯೂ ಸುಂಕ ಹಾಕಿ ಬಡವನ ಪಂಚೆ ಸೀರೆಯಿಂದ ಹಣ ಕಿತ್ತರು. ಇಡೀ ಚರಿತ್ರೆಯಲ್ಲಿ ನನ್ನನ್ನು ಅತಿಯಾಗಿ ನೋಯಿಸುವ ಸಂಗತಿ ಇದು. 'ಖಜಾನೆಗೆ ಹಣ ಬೇಕಿತ್ತು' ಎಂಬ ಸಮರ್ಥನೆಯೂ ನಿಲ್ಲುವುದಿಲ್ಲ. ಹಣವೇ ಬೇಕಿದ್ದರೆ ಆಮದು ಸುಂಕವನ್ನು ಶೇ. 5ರಿಂದ ಮೂರೂವರೆಗೆ ಇಳಿಸುತ್ತಿರಲಿಲ್ಲ.

ಮೊದಲ ಮಹಾಯುದ್ಧದ ಹೊಸ್ತಿಲಲ್ಲಿ, 1913-14ರಲ್ಲಿ, ವರ್ಷಕ್ಕೆ 300 ಕೋಟಿ ಗಜಕ್ಕೂ ಹೆಚ್ಚು ಹತ್ತಿ ಬಟ್ಟೆ ಭಾರತಕ್ಕೆ ಬಂದಿಳಿಯುತ್ತಿತ್ತು. ನಮ್ಮಿಂದ ಹತ್ತಿ, ಸೆಣಬು, ಅಕ್ಕಿ, ಚಹಾ, ಎಣ್ಣೆಕಾಳು, ಚರ್ಮ ಹೋಗುತ್ತಿದ್ದವು. ರಫ್ತು ಆಮದಿಗಿಂತ 50 ಕೋಟಿ ರೂಪಾಯಿಗೂ ಮೇಲೆಯೇ ಇತ್ತು. ಇಷ್ಟು ದೊಡ್ಡ ವ್ಯಾಪಾರದಿಂದ ಸರ್ಕಾರಕ್ಕೆ ಬಂದ ಸುಂಕ ಸುಮಾರು 11 ಕೋಟಿ ಮಾತ್ರ. ಭೂಕಂದಾಯ 30 ಕೋಟಿ ಮೀರಿತ್ತು. ಬಂದರಿನಲ್ಲಿ ಕೈ ಬಿಗಿಹಿಡಿದ ಸರ್ಕಾರ ಹೊಲದಲ್ಲಿ ಮತ್ತು ಉಪ್ಪಿನ ಅಳದಲ್ಲಿ ವಸೂಲಿಗೆ ನಿಂತಿತ್ತು.

ಯುದ್ಧ ಈ ಕಟ್ಟನ್ನು ಸಡಿಲಿಸಿತು. ಬ್ರಿಟನ್ನಿಗೆ 10 ಕೋಟಿ ಪೌಂಡಿನ ಯುದ್ಧ ಕಾಣಿಕೆ ಭಾರತದ ತಲೆಗೆ ಬಿದ್ದಾಗ, 1917ರಲ್ಲಿ ಬಟ್ಟೆಯ ಆಮದು ಸುಂಕ ಶೇ. 7.5ಕ್ಕೆ ಏರಿತು. ಲ್ಯಾಂಕಷೈರಿನವರು ಕೂಗಾಡಿದರೂ ಬ್ರಿಟಿಷ್ ಸರ್ಕಾರದ ಭಾರತ ಮಂತ್ರಿ ಆಸ್ಟಿನ್ ಚೇಂಬರ್ಲೇನ್ ಬಗ್ಗಲಿಲ್ಲ. ಆದರೂ ನಮ್ಮ ಬಟ್ಟೆಯ ಮೇಲಿನ ಮೂರೂವರೆ ಹಾಗೆಯೇ ಉಳಿಯಿತು. 1925ರಲ್ಲಿ ಮುಂಬೈ ಮಿಲ್ ಮಾಲೀಕರು ಕೂಲಿಯಲ್ಲಿ ಶೇ. 11.5 ಕಡಿತ ಮಾಡಿದಾಗ ಲಕ್ಷಕ್ಕೂ ಮಿಕ್ಕಿ ಕಾರ್ಮಿಕರು ಮುಷ್ಕರ ಹೂಡಿದರು. ಅಬಕಾರಿ ಸುಂಕ ಹೋದರೆ ಕೂಲಿ ಮರಳಿ ಕೊಡುತ್ತೇವೆ ಎಂದರು ಮಾಲೀಕರು. ಡಿಸೆಂಬರಿನಲ್ಲಿ ಸುಂಕವನ್ನು ತಡೆಹಿಡಿಯಲಾಯಿತು, ಕಡಿತ ರದ್ದಾಯಿತು, ಮುಷ್ಕರ ನಿಂತಿತು. 1926ರಲ್ಲಿ ಸುಂಕ ಕಾನೂನಿನಿಂದಲೇ ಹೋಯಿತು. ಗೋಖಲೆಯವರಂಥವರು ಶಾಸನ ಸಭೆಯಲ್ಲಿ ವರ್ಷಗಟ್ಟಲೆ ವಾದಿಸಿದರೂ ಅಲುಗದ ಸುಂಕವನ್ನು ಹಸಿದ ಕಾರ್ಮಿಕರ ಪಟ್ಟು ಕೊನೆಗೆ ಅಲುಗಿಸಿತು. ಈ ಸಂಗತಿ ಮಕ್ಕಳಿಗೆ ತಿಳಿಯಬೇಡವೇ?

ಮುಂಬೈಯ ಕಥೆ ನಮಗೇಕೆ ಎನ್ನುವವರಿಗೆ ಮೈಸೂರಿನ ಮಾತು ಹೇಳುತ್ತೇನೆ. ಸಂಸ್ಥಾನಕ್ಕೆ ಕಡಲಿಲ್ಲ. ಮೈಸೂರಿನ ಪ್ರಜೆ ಕೊಂಡ ಪರದೇಶದ ಬಟ್ಟೆ, ಸೀಮೆಎಣ್ಣೆ, ಸಕ್ಕರೆಯ ಸುಂಕವೆಲ್ಲ ಬ್ರಿಟಿಷ್ ಬಂದರುಗಳಲ್ಲೇ ವಸೂಲಾಗಿ ಭಾರತ ಸರ್ಕಾರದ ಖಜಾನೆ ಸೇರುತ್ತಿತ್ತು. ಅದರ ಮೇಲೆ ಮೈಸೂರು ಪ್ರತಿವರ್ಷ 35 ಲಕ್ಷ ರೂಪಾಯಿ ಪೊಗದಿ ಬೇರೆ ಕಟ್ಟಬೇಕಿತ್ತು. ಭಟ್ಕಳದಲ್ಲಿ ಸಂಸ್ಥಾನಕ್ಕೊಂದು ಬಂದರು ಬೇಕೆಂದು ದಿವಾನ್ ವಿಶ್ವೇಶ್ವರಯ್ಯನವರು ಪ್ರಯತ್ನಿಸಿದರು, ಕೈಗೂಡಲಿಲ್ಲ. ಇಪ್ಪತ್ತರ ದಶಕದ ಕೊನೆಗೆ ಸುಂಕದ ವರಮಾನ 50 ಕೋಟಿ ಮುಟ್ಟುವಾಗ ಸಂಸ್ಥಾನಗಳೆಲ್ಲ ತಮ್ಮ ಪಾಲು ಕೇಳಿದವು. 1929ರ ಬಟ್ಲರ್ ಸಮಿತಿ ಆ ಬೇಡಿಕೆಯಲ್ಲಿ ನ್ಯಾಯವಿದೆ ಎಂದು ಒಪ್ಪಿತು. ಮೈಸೂರಿಗೆ ಅಷ್ಟರಲ್ಲಿ ದಕ್ಕಿದ್ದು ಪೊಗದಿಯಲ್ಲಿ ಹತ್ತೂವರೆ ಲಕ್ಷದ ಇಳಿಕೆ.

ಆಮದು ಸುಂಕ ಹೆಚ್ಚಿದರೆ ಲಾಭ ಮಿಲ್ ಮಾಲೀಕನಿಗೆ, ಹೊರೆ ಬಟ್ಟೆ ಕೊಳ್ಳುವವನಿಗೆ ಎಂಬ ಆಕ್ಷೇಪವಿದೆ. ಅದರಲ್ಲಿ ಸತ್ಯವೂ ಇದೆ. ಆದರೆ ಆ ಲಾಭ ನಷ್ಟವನ್ನು ತೂಗಿ ತೀರ್ಮಾನಿಸುವ ಹಕ್ಕು ತೆರಿಗೆ ಕೊಡುವ ಜನರದ್ದು. ನಮ್ಮ ವಿಷಯದಲ್ಲಿ ಅದನ್ನು ಲ್ಯಾಂಕಷೈರಿನ ಮತದಾರರು ತೀರ್ಮಾನಿಸಿದರು. ಇಂದು ಚಿನ್ನ, ಅಡುಗೆ ಎಣ್ಣೆ, ಮೊಬೈಲ್ ಬಿಡಿಭಾಗಗಳ ಆಮದು ಸುಂಕ ಏರಿ ಇಳಿಯುವಾಗ ಪ್ರಶ್ನೆ ಕೇಳಬೇಕಾದ ಪ್ರಜೆಗೆ ಈ ಹಿನ್ನೆಲೆ ಗೊತ್ತಿರಬೇಕು.

ಶಿಕ್ಷಕರೇ, ಪಾಠಪುಸ್ತಕ ಬರುವವರೆಗೆ ಕಾಯಬೇಡಿ, ಒಂದು ಅವಧಿ ಇದಕ್ಕೆ ಕೊಡಿ. ಪೋಷಕರೇ, ಶಾಲಾ ಸಮಿತಿಯ ಸಭೆಯಲ್ಲಿ ಈ ಬೇಡಿಕೆಯನ್ನು ಠರಾವಾಗಿ ಬರೆಸಿ, ಶಿಕ್ಷಣ ಇಲಾಖೆಗೆ ಕಳಿಸಿ. ಈ ಕರಪತ್ರವನ್ನು ಓದಿದ ಮೇಲೆ ಇನ್ನೊಬ್ಬರಿಗೆ ಕೊಡಿ.